ಹಾರ್ಮೋನಿಯಂ ಪಕ್ಕದ ಕ್ಯಾಮೆರಾ

ಮದುವೆ ಸೀಸನ್ನಿನ ಒಂದು ಬೆಳಿಗ್ಗೆ ನನ್ನ ಸ್ಟುಡಿಯೋದ ಕೆಳಗೆ ಯಾರೋ ಬಿಡದೆ ಹಾರನ್ ಹೊಡೆಯುತ್ತಿದ್ದರು. ತುಮಕೂರಿನಲ್ಲಿ ನನ್ನ ಸ್ಟುಡಿಯೋ ಇರುವುದು ಮೊದಲ ಮಹಡಿಯಲ್ಲಿ, ಕೆಳಗೆ ಬೇಕರಿ. ಬೇಕರಿಗೆ ಬಂದವರು ಗಾಡಿ ಅಡ್ಡ ನಿಲ್ಲಿಸಿ ಜಗಳವಾಡುವುದು ದಿನನಿತ್ಯದ ಕಥೆ. ಮುಗಿಸಬೇಕಾದ ಆಲ್ಬಮ್ಮುಗಳು ತಲೆ ಮೇಲೆ ಕೂತಿದ್ದವು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೈಯಬೇಕೆಂದೇ ಬಾಲ್ಕನಿಗೆ ಬಂದೆ.

ಕೆಳಗೆ, ಹಿಂದೆ ಎರಡು ಚಕ್ರ ಹೆಚ್ಚುವರಿ ಜೋಡಿಸಿದ ಸ್ಕೂಟರಿನ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ನನ್ನನ್ನು ನೋಡಿದ್ದೇ ಹಾರನ್ ನಿಲ್ಲಿಸಿ ಕೂಗಿದಳು. "ಅಕ್ಕಾ, ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ಮೆಟ್ಲು ಹತ್ತಕ್ಕಾಗಲ್ಲ. ನೀವೇ ಇಳಿದು ಬರ್ತೀರಾ?"

ಬೈಗುಳ ಬಾಯಲ್ಲೇ ಉಳಿಯಿತು. ಕ್ಯಾಮೆರಾ ತಗೊಂಡು ಇಳಿದೆ. ಬೇಕರಿಯ ಬಿಳಿ ಗೋಡೆಯ ಮುಂದೆ ಗಾಡಿ ನಿಲ್ಲಿಸಿಕೊಂಡೆವು. ಅವಳು ಗುಬ್ಬಿಯ ಟೈಲರ್. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ರವಿಕೆ, ಚೂಡಿದಾರದ ಜೊತೆಗೆ ಪೌರಾಣಿಕ ನಾಟಕದ ಡ್ರೆಸ್ಸು ಹೊಲಿಯುತ್ತಾಳೆ. ವೆಲ್ವೆಟ್ಟಿನ ಮೇಲೆ ಜರಿ, ಮಣಿ, ಕನ್ನಡಿ ಚೂರು. ಆ ಕಸೂತಿಯಲ್ಲಿ ಅವಳ ಕೈಗೆ ಸುತ್ತಲೂ ಹೆಸರಿದೆ.

"ಸ್ವಲ್ಪ ನಗಮ್ಮಾ" ಎಂದೆ.

"ನನ್ ಫೋಟೋ ಎಷ್ಟು ಜನ ತೆಗ್ದವ್ರೆ ಗೊತ್ತಾ ಅಕ್ಕಾ? ಈ ಗಾಡಿ ಕೊಟ್ಟಾಗ ತೆಗುದ್ರು, ಶಾಲು ಹೊದ್ಸಿದಾಗ ತೆಗುದ್ರು, ಹೊಲಿಗೆ ಮಿಷನ್ ಕೊಟ್ಟಾಗ ಪೇಪರ್‌ನೋರೂ ಬಂದಿದ್ರು. ಎಲ್ರೂ ನಗು ಅಂತಾನೇ ಅಂದಿದ್ದು. ಒಂದ್ಸಲ ಯಾರಾದ್ರೂ ನನ್ ಮುಂದೆ ಬಂದು, 'ಹೆಂಗ್ ನಿಂತ್ಕೊಳ್ಲಿ' ಅಂತ ನನ್ನ ಕೇಳ್ಬೇಕು. ಅದೊಂದಾಸೆ ಐತೆ."

ನಾನು ಉದಾರಿಯಂತೆ ಕ್ಯಾಮೆರಾ ಚಾಚಿದೆ. "ತಗೋ, ನನ್ನದೇ ತೆಗಿ."

ಅವಳು ಕೈ ಚಾಚಲಿಲ್ಲ. "ನೀವು ಪಾಪ ಅಂತ ಕೊಡ್ತಿದೀರ. ಅದಲ್ಲ ನಾನು ಕೇಳಿದ್ದು."

ಮದುಮಗಳ ತಂದೆಗೇ ಜೋರು ಮಾಡಿ ಬಾಯಿ ಮುಚ್ಚಿಸಿದವಳು ನಾನು. ಅಂದು ಚಾಚಿದ ಕ್ಯಾಮೆರಾ ಹಿಂದಕ್ಕೆ ತಗೊಂಡೆ. ಫೋಟೋ ಪ್ರಿಂಟ್ ಹಾಕಿ ಕೆಳಗೆ ತಂದುಕೊಡುವಷ್ಟರಲ್ಲಿ ನಿರ್ಧಾರ ಮಾಡಿಯಾಗಿತ್ತು. "ಕಲಿಸ್ತೀನಿ. ಆದರೆ ಬೈದರೆ ಅಳಬಾರದು" ಎಂದೆ. "ನಾನೂ ತಿರುಗಿ ಬೈತೀನಿ" ಎಂದಳು. ನಮ್ಮ ಭಾನುವಾರದ ಫೋಟೋ ಕ್ಲಬ್ ಹುಟ್ಟಿದ್ದು ಹೀಗೆ, ಬೇಕರಿಯ ಗೋಡೆಯ ಮುಂದೆ.

ಮೊದಲು ಬೇಕಾಗಿದ್ದು ಮೆಟ್ಟಿಲಿಲ್ಲದ ಜಾಗ. ತುಮಕೂರಿನಲ್ಲಿ ಅದನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ. ಎಲ್ಲ ಕಡೆ ಚರಂಡಿ ದಾಟಲು ಒಂದು ಕಲ್ಲು, ಆಮೇಲೆ ಮೂರು ಮೆಟ್ಟಿಲು, ಆಮೇಲೆ ಹೊಸ್ತಿಲು. ಕೊನೆಗೆ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರ ಒಂದು ಖಾಲಿ ಶೆಡ್ಡು ಸಿಕ್ಕಿತು. ಲಾರಿ ಒಳಗೆ ಬರಲೆಂದು ನೆಲ ರಸ್ತೆಯ ಮಟ್ಟಕ್ಕೇ ಇತ್ತು. ರೋಲಿಂಗ್ ಶಟರ್ ಎತ್ತಿದರೆ ಟೈಲರಮ್ಮನ ಗಾಡಿ ಬ್ರೇಕ್ ಹಿಡಿಯದೆ ಒಳಗೆ ಬರುತ್ತಿತ್ತು.

ಎರಡನೆಯವರು ನನ್ನ ಸ್ಟುಡಿಯೋದ ಬೋರ್ಡು ಬರೆದ ಪೇಂಟರ್. ಪೇಟೆಯ ಮುಸ್ಲಿಂ ಮನೆತನದವರು, ಹುಟ್ಟಿನಿಂದ ಕಿವಿ ಕೇಳದು. ಮಾತು ಕೈಯಲ್ಲಿ, ಅರ್ಥವಾಗದವರಿಗೆ ಮೊಬೈಲಿನಲ್ಲಿ ಬರೆದು ತೋರಿಸುತ್ತಾರೆ. ಅವರ ಅಕ್ಷರ ನೋಡಿದರೆ ಗೆರೆಯ ಮೇಲೆ ಎಂಥ ಹಿಡಿತವಿದೆ ಎಂದು ತಿಳಿಯುತ್ತದೆ. ಸೇರುತ್ತೀರಾ ಎಂದು ಕೇಳಿದ ಮರುವಾರವೇ ಶಟರಿನ ಮೇಲೆ ಕ್ಲಬ್ಬಿನ ಹೆಸರು ಬರೆದರು, ನನ್ನನ್ನು ಒಂದು ಮಾತೂ ಕೇಳದೆ, ನನಗಿಷ್ಟವಿಲ್ಲದ ಕಿತ್ತಳೆ ಬಣ್ಣದಲ್ಲಿ.

ಮೂರನೆಯವರು ಕುಣಿಗಲ್ಲಿನ ನಾಟಕದ ಮೇಷ್ಟ್ರು. ಟೈಲರಮ್ಮ ಡ್ರೆಸ್ಸು ಹೊಲಿಯುವುದು ಇವರ ನಾಟಕಗಳಿಗೇ. ಹಳ್ಳಿಯವರಿಗೆ ಹಾಡು, ಮಾತು ಕಲಿಸಿ, ನಾಟಕದ ದಿನ ಕಾಲಲ್ಲಿ ತುಳಿಯುವ ದೊಡ್ಡ ಹಾರ್ಮೋನಿಯಂ ನುಡಿಸಿ ಇಡೀ ಆಟ ನಡೆಸುವವರು. ಕಣ್ಣು ಕಾಣುವುದಿಲ್ಲ. ಹೆಬ್ಬೂರಿನ ಮೇಲೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಪಕ್ಕವೇ ಅವರಿಗೆ ಖಾಯಂ ಜಾಗ. ಬಂದ ದಿನವೇ ನಾನು ಸಂಕೋಚದಿಂದ, "ಮೇಷ್ಟ್ರೇ, ಫೋಟೋ ಅಂದ್ರೆ..." ಎಂದು ರಾಗ ಎಳೆದೆ.

"ಅಂದ್ರೆ ಏನು? ಕುಲ್ಡನಿಗ್ಯಾಕೆ ಕ್ಯಾಮೆರಾ ಅಂತಾನಾ?" ಎಂದು ನಕ್ಕರು. "ನೋಡವ್ವ, ಮಾತಾಡೋ ಮನುಷ್ಯನ ದನಿ ನೇರ ಬಂದ್ರೆ ಮುಖ ನನ್ ಕಡೆ ಐತೆ. ಪಕ್ಕಕ್ಕೋದ್ರೆ ಮುಖ ತಿರುಗ್ಸವ್ನೆ. ಬಗ್ಗಿದ್ರೆ ದನಿ ನೆಲಕ್ಕೋಗ್ತದೆ. ಇಷ್ಟ್ ಸಾಲ್ದಾ? ಗುಂಡಿ ಎಲ್ಲೈತೆ ತೋರ್ಸು."

ಕೆಲಸ ಶುರುವಾಯಿತು. ಟೈಲರಮ್ಮ ಎರಡೂ ಕೈಯಲ್ಲಿ ಕ್ಯಾಮೆರಾ ಎತ್ತಿದರೆ ಸೊಂಟದಲ್ಲಿ ಹಿಡಿತವಿಲ್ಲದೆ ಮುಂದಕ್ಕೆ ವಾಲುತ್ತಿದ್ದಳು. ಪಕ್ಕದ ಶೆಡ್ಡಿನ ಲೇತ್ ಮಿಷನ್ನಿನವರಿಂದ ಗಾಡಿಯಿಂದ ಇಳಿದ ಮೇಲೆ ಅವಳು ಬಳಸುವ ವೀಲ್‌ಚೇರಿನ ಕೈಗೆ ಕೂರುವ ಒಂದು ಕ್ಲಾಂಪು ಮಾಡಿಸಿದೆವು. ಮೊದಲನೆಯದು ಜಾರಿತು. ಎರಡನೆಯದು ಎಷ್ಟು ಬಿಗಿಯಾಯಿತೆಂದರೆ ಕ್ಯಾಮೆರಾ ತಿರುಗಲೇ ಇಲ್ಲ. ಮೂರನೆಯದಕ್ಕೆ ಅವಳು ಹಳೆಯ ಹೊಲಿಗೆ ಮಿಷನ್ನಿನ ಬೆಲ್ಟಿನ ತುಂಡು ಒಳಗೆ ಸುತ್ತಿದಳು. ಆಗ ಬೆರಳಲ್ಲಿ ತಳ್ಳಿದರೆ ತಿರುಗುವ, ಬಿಟ್ಟಲ್ಲಿ ನಿಲ್ಲುವ ಹದ ಬಂತು. ಪೇಂಟರಿಗೆ ನನ್ನ ಹಳೆಯ ಕ್ಯಾಮೆರಾ ಕೊಟ್ಟೆ. ಅದಕ್ಕೊಂದು ರೋಗ: ಒಂದೇ ಸಮ ಒತ್ತಿದರೆ ಮೆಮೊರಿ ಕಾರ್ಡಿಗೆ ಬರೆಯುತ್ತಾ ಮೊಂಡು ಹಿಡಿದು ಕೂತುಬಿಡುತ್ತದೆ. ಮೇಷ್ಟ್ರ ಕ್ಯಾಮೆರಾಕ್ಕೆ ವೈರಿನ ರಿಮೋಟು ಹಾಕಿದೆವು.

ಸುದ್ದಿ ಹೇಗೋ ಹರಡಿತು. ಒಂದು ಭಾನುವಾರ ಯಾವುದೋ ಸಂಘದವರು ಶಾಲು, ಹಾರ, ಬ್ಯಾನರ್ ಸಮೇತ ಶೆಡ್ಡಿಗೆ ಬಂದರು. ಕ್ಲಬ್ಬಿನ ಮೂವರನ್ನೂ ಸಾಲಾಗಿ ಕೂರಿಸಿ ಫೋಟೋ ತೆಗೆಸಿಕೊಂಡರು. ಗೋಡೆಗೆ ನೇತುಹಾಕಿದ್ದ ಫೋಟೋಗಳನ್ನು ಒಬ್ಬರೂ ನೋಡಲಿಲ್ಲ. ಅವರು ಹೋದ ಮೇಲೆ ಮೇಷ್ಟ್ರು ಶಾಲು ಮೂಸಿ, "ಹೊಸದಲ್ಲ ಬುಡು" ಎಂದರು. ನಾವು ನಕ್ಕೆವು. ಟೈಲರಮ್ಮ ಮಾತ್ರ ನಗಲಿಲ್ಲ. "ಇಲ್ಲೂ ನಾವೇ ಫೋಟೋ ಆದ್ವಲ್ಲ ಅಕ್ಕಾ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಹೊರಗಿನವರ ನಿಜವಾದ ಕೆಲಸವೊಂದನ್ನು ಹಿಡಿಯದೆ ಈ ಕಾಟ ತಪ್ಪುವುದಿಲ್ಲ ಎಂದು ಅಂದೇ ಗಟ್ಟಿಯಾಯಿತು.

ಕೆಲಸ ತಂದವರು ಮೇಷ್ಟ್ರು. ಗುಬ್ಬಿಯ ಒಬ್ಬ ಕೊಬ್ಬರಿ ವ್ಯಾಪಾರಿ ಆ ವರ್ಷ ನಾಟಕ ಆಡಿಸುತ್ತಿದ್ದರು, ರಾಜಪಾರ್ಟು ಅವರದೇ. ನಮ್ಮ ಕಡೆ ನಾಟಕ ಮುಗಿದ ಮೇಲೆ ಉಳಿಯುವುದು ಫೋಟೋ ಒಂದೇ. ಗದೆ ಎತ್ತಿ ನಿಂತ ಫೋಟೋ ನಡುಮನೆಯಲ್ಲಿ ದೇವರ ಪಟದ ಪಕ್ಕ ಕೂರುತ್ತದೆ. ಮೇಷ್ಟ್ರು ಅಭ್ಯಾಸದ ನಡುವೆ ತುಳಿಯುವುದು ನಿಲ್ಲಿಸಿ, "ಯಜಮಾನ್ರೇ, ಫೋಟೋ ನಮ್ ಕ್ಲಬ್ಬೇ ತೆಗೀತದೆ" ಎಂದು ಘೋಷಿಸಿಬಿಟ್ಟರಂತೆ. ಹಾಡು ಕಲಿಸುವ ಗುರುವಿಗೆ ಇಲ್ಲ ಎನ್ನುವುದು ಹೇಗೆ? ಯಜಮಾನರು ನನಗೆ ಫೋನ್ ಮಾಡಿದರು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಅವ್ರ ಹೆಸರಲ್ಲಿ ನೀವೇ ತೆಗೀತೀರಿ ತಾನೆ?"

"ಇಲ್ಲ. ನಾನು ಲೈಟ್ ಹಿಡೀತೀನಿ" ಎಂದೆ. ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯವಾಯಿತು. ಕಸುಬಿಗೆ ಇಳಿದ ಮೇಲೆ ನಾನು ಯಾರಿಗೂ ಲೈಟು ಹಿಡಿದವಳಲ್ಲ.

ಯಜಮಾನರು ಹೇಳಿದರು: "ಸರಿ, ಅಭ್ಯಾಸದ ದಿನ ಬಂದು ತೆಗ್ದು ತೋರಿಸ್ಲಿ. ನಾನು ಗದೆ ಎತ್ತೋದು ಚೆನ್ನಾಗಿ ಬರ್ಬೇಕು. ಬರ್ಲಿಲ್ಲ ಅಂದ್ರೆ ನಮ್ಮ ಮಾಮೂಲಿ ಫೋಟೋಗ್ರಾಫರ್ರು. ಇವ್ರಿಗೆ ಮುಂದಿನ ಸಾಲಲ್ಲಿ ಕೂರ್ಸಿ ಸನ್ಮಾನ ಮಾಡಣ."

ಇದನ್ನು ಕ್ಲಬ್ಬಿನಲ್ಲಿ ಹೇಳಿದಾಗ ಸನ್ಮಾನ ಎಂಬ ಶಬ್ದ ಕೇಳಿ ಟೈಲರಮ್ಮ ಹಲ್ಲು ಕಚ್ಚಿದಳು. ಇನ್ನೊಂದು ಶಾಲಿಗೆ ಅವಳ ಮನೆಯಲ್ಲೂ ಮನಸ್ಸಿನಲ್ಲೂ ಜಾಗವಿರಲಿಲ್ಲ.

ಅಭ್ಯಾಸ ನಡೆಯುತ್ತಿದ್ದುದು ಯಜಮಾನರ ಕೊಬ್ಬರಿ ಗೋಡೌನಿನಲ್ಲಿ. ಕೊಬ್ಬರಿಗೆ ತೇವ ತಾಗದಿರಲೆಂದು ನೆಲದಿಂದ ಗೇಣೆತ್ತರಕ್ಕೆ ಹಲಗೆ ಹಾಸಿದ್ದರು. ಅದೇ ರಂಗಸ್ಥಳ, ಹಾರ್ಮೋನಿಯಂ ಕೂಡ ಅದರ ಮೇಲೇ. ಕಷ್ಟವಿದ್ದದ್ದು ಪೇಂಟರಿಗೆ. ರಾಜನ ಹಾಡು ಮುಗಿದು, ಸಂಗೀತ ಒಂದು ಉಸಿರಿನಷ್ಟು ನಿಂತು, ಆಗ ಗದೆ ಮೇಲೆ ಹೋಗುತ್ತದೆ. ಹಾಡು ಎಲ್ಲಿಗೆ ಬಂತೆಂದು ಅವರಿಗೆ ತಿಳಿಯದು. ಮೊದಲೇ ಒತ್ತುತ್ತಾ ಹೋದರೆ ಕ್ಯಾಮೆರಾ ಮೊಂಡು ಹಿಡಿಯುತ್ತದೆ. ಗದೆ ಕಂಡ ಮೇಲೆ ಒತ್ತಿದರೆ ತಡ. ಮೇಷ್ಟ್ರು ಉಪಾಯ ಹೇಳಿದರು. "ಚಪ್ಲಿ ಬಿಟ್ಟು ಹಲಗೆ ಮೇಲೆ ನಿಂತ್ಕೊಳ್ಳಪ್ಪ. ಹೊತ್ತು ಬಂದಾಗ ನಾನು ಕಾಲಲ್ಲಿ ಒದೀತೀನಿ." ನಾನು ಅದನ್ನು ಬರೆದು ತೋರಿಸಿದೆ. ಪೇಂಟರ್ ತಲೆಯಾಡಿಸಿದರು.

ಹಾಡು ಶುರುವಾದದ್ದೇ ಪೇಂಟರ್ ಕಿಟಿಕಿಟಿ ಒತ್ತತೊಡಗಿದರು. ಒತ್ತಿದರು, ಒತ್ತಿದರು, ಒತ್ತುತ್ತಲೇ ಇದ್ದರು. ಗದೆ ಎದ್ದಾಗ ಕ್ಯಾಮೆರಾ ಕೂತುಬಿಟ್ಟಿತ್ತು. ಆಮೇಲೆ ಗೊತ್ತಾಯಿತು. ಕಾಲಿನ ಹಾರ್ಮೋನಿಯಂ ತುಳಿಯುವ ಮೇಷ್ಟ್ರ ಕಾಲಿಗೆ ಪುರುಸೊತ್ತೆಲ್ಲಿ? ಪ್ರತಿ ತುಳಿತಕ್ಕೂ ಹಲಗೆ ನಡುಗಿದೆ, ಪ್ರತಿ ನಡುಕಕ್ಕೂ ಇವರು ಗುಂಡಿ ಒತ್ತಿದ್ದಾರೆ. ಕಾರ್ಡಿನ ತುಂಬ ಬಾಯಿ ತೆರೆದ ಯಜಮಾನರು. ಟೈಲರಮ್ಮ ತೆಗೆದದ್ದರಲ್ಲಿ ಬರೀ ಕಿವಿ, ಪಕ್ಕದ ಕೆನ್ನೆ. ಅವಳು ಎಲ್ಲ ಫೋಟೋಗ್ರಾಫರುಗಳಂತೆ ನಟ್ಟನಡುವೆ ಕೂತಿದ್ದಳು, ಕೂರಿಸಿದವಳು ನಾನೇ.

ಯಜಮಾನರು ಎಲ್ಲವನ್ನೂ ನೋಡಿದರು. ಟವೆಲ್ಲಿನಲ್ಲಿ ಕತ್ತು ಒರೆಸಿಕೊಂಡು, "ಪರ್ವಾಗಿಲ್ಲ ಬುಡಿ ಮೇಡಂ" ಎಂದರು. ಆ 'ಪರವಾಗಿಲ್ಲ' ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ನಾನು ಸಾಮಾನು ಕಟ್ಟತೊಡಗಿದ್ದೆ. ಪೇಂಟರ್ ಮೊಬೈಲ್ ಮುಂದೆ ಹಿಡಿದರು. 'ತಪ್ಪು ತಿಳಿದೆ. ಗದೆ ಏಳುವ ಮೊದಲು ನಡುಕ ನಿಲ್ಲುತ್ತದೆ. ನಿಂತಾಗ ಒತ್ತಬೇಕು.' ಓದಿ ಹೇಳಿದೆ. ಮೇಷ್ಟ್ರು ತೊಡೆ ತಟ್ಟಿ ಕೂಗಿದರು. "ಅಯ್ಯೋ ಶಿವನೇ! ಅಲ್ಲಿ ನಾನು ಕಾಲು ನಿಲ್ಲುಸ್ಲೇಬೇಕಲ್ಲ! ಒದಿಯೋದೇ ಬ್ಯಾಡ ಬುಡು!"

ಅಷ್ಟರಲ್ಲಿ ಟೈಲರಮ್ಮ ಮೇಷ್ಟ್ರ ಕ್ಯಾಮೆರಾ ತೆಗೆದು ನೋಡುತ್ತಿದ್ದಳು. ಅದನ್ನು ಹಾರ್ಮೋನಿಯಮ್ಮಿನ ಮೇಲೆ ಕಟ್ಟಿ, ರಿಮೋಟಿನ ಗುಂಡಿಯನ್ನು ಅವರ ಎಡಗೈ ಬಳಿ ಅಂಟಿಸಿದ್ದೆವು. ದನಿ ನೇರ ಬಂದಾಗಲೆಲ್ಲ ಒತ್ತಿದ್ದರು. "ಅಕ್ಕಾ, ಇಲ್ನೋಡಿ" ಎಂದಳು. ತಲೆ ಮೇಲಿನ ಭಾಗ ಕತ್ತರಿಸಿತ್ತು, ಒಂದೆರಡು ವಾಲಿದ್ದವು. ಆದರೆ ಎಲ್ಲದರಲ್ಲೂ ಮುಖ ನೇರ, ಕಣ್ಣು ನೇರ, ಯಜಮಾನರು ನಮ್ಮನ್ನೇ ನೋಡುತ್ತಿದ್ದಾರೆ. ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮ ಪಾರ್ಟುದಾರರು ಹಾಡಿನ ಕೊನೆಗೆ ಶ್ರುತಿಗಾಗಿ ಮೇಷ್ಟ್ರ ಕಡೆ ತಿರುಗಿಯೇ ತಿರುಗುತ್ತಾರೆ. ಜನ ಎದುರಿಗಿದ್ದರೂ ಪ್ರಾಣವೆಲ್ಲ ಹಾರ್ಮೋನಿಯಮ್ಮಿನ ಮೇಲೆ. ಇಷ್ಟು ನಾಟಕಗಳ ಫೋಟೋ ತೆಗೆದ ನಾನೂ ನನ್ನ ಕಸುಬಿನವರೂ ನಡುವೆ ನಿಂತು ಕಿವಿ ತೆಗೆಯುತ್ತಾ ಬಂದಿದ್ದೆವು.

ಮೇಷ್ಟ್ರು ತೆಗೆದ ಆ ಫೋಟೋ ತೋರಿಸಿ ಯಜಮಾನರ ಬಳಿ ಇನ್ನೊಂದು ಅವಕಾಶ ಕೇಳಿದೆವು. ಅವರು ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು. "ಇದು ಇವ್ರು ತೆಗ್ದಿದ್ದಾ?" ಎಂದರು. ಒಪ್ಪಿದರು, ಆದರೆ ಮಾಮೂಲಿ ಫೋಟೋಗ್ರಾಫರ್ ಕೂಡ ಇರಲಿ ಎಂದರು.

ನಾಟಕ ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ, ಬೆಳಿಗ್ಗೆ ಶುರು. ಹಿಂದಿನ ದಿನ ಜಾಗ ನೋಡಲು ಹೋದೆವು. ವೇದಿಕೆಗೆ ಎತ್ತರದ ಮೆಟ್ಟಿಲು, ಇಳಿಜಾರಿಲ್ಲ. ಯಜಮಾನರು ಉತ್ಸಾಹದಲ್ಲಿದ್ದರು. "ಏನ್ ತೊಂದ್ರೆ ಇಲ್ಲಮ್ಮಾ. ನಮ್ ಹುಡುಗ್ರು ನಾಲ್ಕು ಜನ ಚೇರ್ ಸಮೇತ ಎತ್ಕೊಂಡು ಹೋಗಿ ಸ್ಟೇಜ್ ಮೇಲೇ ಕೂರಿಸ್ತಾರೆ. ಹತ್ರದಿಂದ ತೆಗೀಬಹುದು."

"ಬ್ಯಾಡ" ಎಂದಳು ಟೈಲರಮ್ಮ.

"ಯಾಕಮ್ಮಾ? ಬೀಳ್ಸಲ್ಲ."

"ಎತ್ತಿಸ್ಕೊಂಡು ಹೋದ್ರೆ ಜನ ನಿಮ್ಮ ಬಿಟ್ಟು ನನ್ನ ನೋಡ್ತಾರೆ ಯಜಮಾನ್ರೇ. ಎಲ್ರೂ ಮೊಬೈಲ್ ತೆಗೀತಾರೆ. ಮತ್ತೆ ನಾನೇ ಫೋಟೋ ಆಗ್ತೀನಿ." ಚಕ್ರ ತಿರುಗಿಸಿಕೊಂಡು ವೇದಿಕೆಯ ಕೆಳಗೆ, ಎಡಮೂಲೆಯಲ್ಲಿ ಮೇಷ್ಟ್ರ ಹಾರ್ಮೋನಿಯಂ ಇಡುವ ಕಡೆ ಹೋಗಿ ನಿಂತಳು. "ನನ್ ಜಾಗ ಇದು. ಇಲ್ಲಿ ಮೆಟ್ಲೂ ಇಲ್ಲ, ನಿಮ್ ಮುಖನೂ ಈ ಕಡೇನೇ ಬರ್ತದೆ."

ನಾನು ಹತ್ತು ಜಾಗ ಸೂಚಿಸಬೇಕೆಂದಿದ್ದೆ. ಅದನ್ನು ಬಿಟ್ಟು ಅವಳ ಪಕ್ಕ ಲೈಟಿಗೆ ಜಾಗ ನೋಡಿಕೊಂಡೆ. ಕ್ಲಬ್ಬಿನಲ್ಲಿ ನನಗಿಂತ ಮುಂದೆ ಯೋಚಿಸುವವರು ಇದ್ದಾರೆ ಎಂದು ಅಂದು ಎದೆ ಉಬ್ಬಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಾಟಕದ ಬೆಳಿಗ್ಗೆ ಹೊಸ ಪೇಚಾಟ. ಪೇಂಟರ್ ವೇದಿಕೆಯ ಎಡಬದಿಯ ಪರದೆಯ ಹಿಂದೆ ಬರಿಗಾಲಲ್ಲಿ ನಿಂತರು. ಮೇಷ್ಟ್ರು ತುಳಿದರು. ಪೇಂಟರ್ ಕೈ ಆಡಿಸಿದರು: ಏನೂ ಇಲ್ಲ. ಗೋಡೌನಿನಲ್ಲಿ ಹಲಗೆಯಿತ್ತು, ಇಲ್ಲಿ ಸಿಮೆಂಟು, ಅದರ ಮೇಲೆ ಕಾರ್ಪೆಟ್ಟು, ಹಾರ್ಮೋನಿಯಂ ಬೇರೆ ಕೆಳಗೆ. ಇದನ್ನು ನಮ್ಮ ನಾಲ್ವರಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಒಳಗೆ ಬಣ್ಣ ಹಚ್ಚುವುದು ಮುಗಿಯುತ್ತಾ ಬಂದಿತ್ತು. ನಾನು ಕೈ ಸನ್ನೆ ಮಾಡುತ್ತೇನೆ ಎಂದೆ. "ನೀವು ಲೈಟ್ ಹಿಡೀಬೇಕು ಅಕ್ಕಾ, ಎರಡು ಕೈಯಲ್ಲೂ" ಎಂದಳು ಟೈಲರಮ್ಮ.

ಅವಳ ಹೊಲಿಗೆ ಚೀಲದಲ್ಲಿ ಲಂಗಕ್ಕೆ ಹಾಕುವ ಲಾಡಿಯ ಉಂಡೆ ಸದಾ ಇರುತ್ತದೆ. ಅದನ್ನು ಹೊರಗೆ ತೆಗೆದಳು. ಒಂದು ತುದಿ ಹಾರ್ಮೋನಿಯಮ್ಮಿನ ತುಳಿಯುವ ಹಲಗೆಗೆ. ಅಲ್ಲಿಂದ ಗೋಡೆಯಂಚಿನಲ್ಲಿ ಯಾರ ಕಾಲಿಗೂ ಸಿಗದಂತೆ ಮೇಲೆ. ಇನ್ನೊಂದು ತುದಿ ಪೇಂಟರ ಎಡಗೈ ಮಣಿಕಟ್ಟಿಗೆ. ಮೇಷ್ಟ್ರು ತುಳಿದರು. ಪೇಂಟರ ಕೈ ಎಳೆಯಿತು, ಬಿಟ್ಟಿತು, ಎಳೆಯಿತು, ಬಿಟ್ಟಿತು. ಅವರ ಮುಖ ಅರಳಿತು. ಹೆಬ್ಬೆರಳೆತ್ತಿದರು.

"ಏನಂತೆ?" ಎಂದರು ಮೇಷ್ಟ್ರು.

"ಬಂತಂತೆ ಮೇಷ್ಟ್ರೇ."

"ಹಂಗಾದ್ರೆ ಪರದೆ ಎತ್ಸು!"

ರಾಜನ ಪ್ರವೇಶಕ್ಕೆ ಮಂಟಪ ಸಿಳ್ಳೆಯಿಂದ ತುಂಬಿತು. ಟೈಲರಮ್ಮ ಕ್ಲಾಂಪಿನ ಮೇಲಿನ ಕ್ಯಾಮೆರಾ ತಿರುಗಿಸುತ್ತಾ ಬೆಳಕು ಸರಿಮಾಡುತ್ತಿದ್ದಳು. ಕಿರೀಟದ ಮಿರುಗನ್ನು ನಂಬಿದರೆ ಮುಖ ಕಪ್ಪಾಗುತ್ತದೆ, ವೆಲ್ವೆಟ್ಟನ್ನು ನಂಬಿದರೆ ಮುಖ ಸುಣ್ಣದಂತಾಗುತ್ತದೆ. ಎರಡನ್ನೂ ಬಿಟ್ಟು ಬಣ್ಣ ಹಚ್ಚಿದ ಕೆನ್ನೆಗೆ ಅಳತೆ ಹಿಡಿದಳು. ಆ ಕೆಂಪು ವೆಲ್ವೆಟ್ಟು ಅವಳೇ ಕತ್ತರಿಸಿದ್ದು, ಅದು ಎಷ್ಟು ಬೆಳಕು ನುಂಗುತ್ತದೆಂದು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

ಹಾಡು ಕೊನೆಗೆ ಬಂತು. ಅಷ್ಟರಲ್ಲಿ ಆಗುವುದು ಆಗಿಯೇ ಬಿಟ್ಟಿತು: ಯಜಮಾನರ ಭಾವಮೈದುನರು, ಅಣ್ಣತಮ್ಮಂದಿರು ಆಳೆತ್ತರದ ಹಾರ ಹಿಡಿದು ಎದುರಿನ ಮೆಟ್ಟಿಲಲ್ಲಿ ನುಗ್ಗಿದರು. ಆಟದ ನಡುವೆಯೇ ಹಾರ ಹಾಕುವುದು ನಮ್ಮ ಕಡೆಯ ಪದ್ಧತಿ, ಯಾರೂ ತಡೆಯುವಂತಿಲ್ಲ. ನಡುವೆ ನಿಂತಿದ್ದ ಮಾಮೂಲಿ ಫೋಟೋಗ್ರಾಫರಿಗೆ ಬರೀ ಬೆನ್ನುಗಳು. ಆದರೆ ಹಾರ್ಮೋನಿಯಮ್ಮಿನ ಮುಂದೆ ಅಡ್ಡ ನಿಲ್ಲುವ ಧೈರ್ಯ ಯಾರಿಗಿದೆ? ಮೇಷ್ಟ್ರು ಮೈಕಿನಲ್ಲೇ ಮರ್ಯಾದೆ ಕಳೆಯುತ್ತಾರೆ. ನಮ್ಮ ಮೂಲೆ ಖಾಲಿಯಾಗಿತ್ತು.

ಯಜಮಾನರು ಶ್ರುತಿಗಾಗಿ ಇತ್ತ ತಿರುಗಿದರು. ಮೇಷ್ಟ್ರ ಕಾಲು ನಿಂತಿತು. ಲಾಡಿ ಸಡಿಲವಾಯಿತು. ಗದೆ ಮೇಲೆ ಹೋಯಿತು.

ಪರದೆಯ ಹಿಂದಿನಿಂದ ಒಂದು ಕ್ಲಿಕ್, ನನ್ನ ಮುಂದಿನ ಕುರ್ಚಿಯಿಂದ ಒಂದು, ಹಾರ್ಮೋನಿಯಮ್ಮಿನ ಮೇಲಿಂದ ಒಂದು.

ಮಧ್ಯಂತರದಲ್ಲಿ ಯಜಮಾನರು ಕಿರೀಟ ಸಮೇತ ಇಳಿದು ಬಂದರು. ಟೈಲರಮ್ಮ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತನ್ನ ಫೋಟೋ ತೋರಿಸಿದಳು. ಎತ್ತಿದ ಗದೆ, ನೇರ ಕಣ್ಣು, ಎದೆಯ ಮೇಲೆ ಅವಳದೇ ಜರಿ. ಪೇಂಟರ ಫೋಟೋದಲ್ಲಿ ಗದೆಯ ಗೆರೆ, ತೋಳಿನ ಗೆರೆ, ಹಿಂದೆ ಸಿಳ್ಳೆ ಹೊಡೆಯುವ ಊರು. ಮೇಷ್ಟ್ರದರಲ್ಲಿ ಕಿರೀಟ ಅರ್ಧ ಹೋಗಿತ್ತು, ಮುಖದ ತುಂಬ ಶ್ರುತಿ ಹುಡುಕುವ ಆತಂಕವಿತ್ತು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದೇ. ಯಜಮಾನರು ಮೂರನ್ನೂ ನೋಡಿ, ಕಿರೀಟ ಸರಿಮಾಡಿಕೊಂಡು ಒಳಗೆ ಹೋದರು. ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ. ಟೈಲರಮ್ಮ ಬೆರಳಿನ ಉಗುರು ಕಚ್ಚುತ್ತಾ ಕೂತಳು.

ನಾಟಕ ಮುಗಿದ ಮೇಲೆ ಪಾರ್ಟುದಾರರು ಬಣ್ಣ ಅಳಿಸುವ ಮೊದಲು ಮನೆಯವರ ಜೊತೆ ಫೋಟೋಗೆ ನಿಲ್ಲುತ್ತಾರೆ. ಮಾಮೂಲಿ ಫೋಟೋಗ್ರಾಫರ್ ವೇದಿಕೆಯ ಮೇಲೆ ತಯಾರಾಗಿದ್ದರು. ಯಜಮಾನರು ಹೆಂಡತಿ, ಮೊಮ್ಮಗಳನ್ನು ಕರೆದುಕೊಂಡು ಒಳಗಿನಿಂದ ಬಂದವರು ಅವರ ಮುಂದೆ ನಿಲ್ಲಲಿಲ್ಲ. ಆ ಎತ್ತರದ ಮೆಟ್ಟಿಲನ್ನು ಗೆಜ್ಜೆಕಾಲಲ್ಲಿ ಒಂದೊಂದಾಗಿ ಇಳಿದು, ನಮ್ಮ ಮೂಲೆಗೆ ಬಂದು, ವೀಲ್‌ಚೇರಿನ ಎದುರು ನಿಂತರು.

"ಹೆಂಗ್ ನಿಂತ್ಕೊಳ್ಲಮ್ಮಾ?" ಎಂದರು.

ಟೈಲರಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಅವಳ ದನಿ ಗಟ್ಟಿಯಾಗಿಯೇ ಬಂತು. "ಗದೆ ಒಸಿ ಇಳ್ಸಿ ಯಜಮಾನ್ರೇ, ಜರಿ ಮುಚ್ಚೋಗ್ತಾ ಐತೆ. ಅಮ್ಮೋರು ಈ ಕಡೆ ಬನ್ನಿ. ಪಾಪು, ತಾತನ ಮೀಸೆ ಎಳೀಬೇಡ ಕಣೇ." ಮೂವರೂ ಅವಳು ಹೇಳಿದ ಹಾಗೆ ನಿಂತರು. ಅವರ ಹಿಂದೆ ಮಂತ್ರಿ, ಸೇನಾಪತಿ, ಸಖಿಯರು, ಅವರ ಮನೆಯವರು ಸಾಲುಗಟ್ಟಿದರು.

ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿ, "ನೀನ್ಯಾರವ್ವಾ?" ಎಂದಳು.

"ನಾನಾ? ಇವರಿಗೆ ಲೈಟ್ ಹಿಡಿಯೋಳು ಅಜ್ಜಿ" ಎಂದೆ.

"ಅಕ್ಕಾ, ಮಾತು ಆಮೇಲೆ" ಎಂದಳು ಟೈಲರಮ್ಮ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಲೈಟು ಇನ್ನೊಂಚೂರು ಮೇಲೆ."

ಎತ್ತಿ ಹಿಡಿದೆ.